ನಿಷಾದದ ಜಾಗ

ಮೂವತ್ತೊಂದು ವರ್ಷ, ಶನಿವಾರದ ನಾಲ್ಕನೇ ಪುಟದಲ್ಲಿ
ನನಗೊಂದು ಗೇಣು ಜಾಗ.
ಬೋರ್‌ವೆಲ್ ಮೋಟಾರಿನ ಜಾಹೀರಾತು ಬಂದರೆ ಅರ್ಧ ಗೇಣು.

ಇಂಡಿ, ಸಿಂದಗಿ, ತಾಳಿಕೋಟೆ,
ಎಲ್ಲಿ ತಗಡಿನ ಥೇಟರು ಎದ್ದರೂ ಹೋದೆ.
ಕೊನೆಯ ಬಸ್ಸು ತಪ್ಪಿಸಿಕೊಂಡು ಮಂಗಳಾರತಿಯವರೆಗೆ ಕೂತೆ.
ನಸುಕಿನ ಹಾಲಿನ ಗಾಡಿಯಲ್ಲಿ ಕ್ಯಾನುಗಳ ನಡುವೆ
ಟಿಕೀಟಿನ ಬೆನ್ನಿಗೆ ವಿಮರ್ಶೆ ಗೀಚುತ್ತ
ಗಾಂಧಿ ಚೌಕದಲ್ಲಿ ಇಳಿದೆ.
‘ಹೆಣ್ಮಗಳು, ಇಷ್ಟೊತ್ತಿನ್ಯಾಗ?’ ಅಂದ ಪೊಲೀಸನಿಗೆ
ಪತ್ರಿಕೆಯ ಗುರುತಿನ ಚೀಟಿ ತೋರಿಸುತ್ತಿದ್ದೆ.
ಅದರೊಳಗೆ ನನ್ನ ಫೋಟೋ ಕೂಡ
ಯಾರೋ ಗುಮಾಸ್ತನ ಹಾಗೆ ಬಿದ್ದಿತ್ತು.

ಮೊನ್ನೆ ಜೋರಾಪುರ ಪೇಟೆಯಲ್ಲಿ
ಮೊಮ್ಮಗಳ ಪೆಟ್ಟಿಗೆ ರಿಪೇರಿಗೆ ಕೊಟ್ಟೆ.
ಮುದುಕ ಭಾತೆಗೆ ಚರ್ಮ ಅಂಟಿಸುತ್ತಿದ್ದ.
ತಲೆ ಎತ್ತಲಿಲ್ಲ.
‘ನೀವು ಶೈಲಜಾ ಕಟ್ಟೀಮನಿ ಅಲ್ರೀ?
ತಾಳಿಕೋಟಿ ಕ್ಯಾಂಪಿಗೆ ಬಂದಿದ್ರಿ.’

ನೆನಪಾಯಿತು. ಬರೆದದ್ದೂ ನೆನಪಾಯಿತು:
‘ಪೆಟ್ಟಿಗೆ ಮಾಸ್ತರರಿಗೆ ಕೋಮಲ ನಿಷಾದವೆಂದರೆ ಭಯ.’
ಅದರ ಕೆಳಗೇ, ಅದೇ ಉಸಿರಿಗೆ:
‘ನಾಯಕಿಯ ನಿಷಾದವೋ,
ಯಾರ ಆಸರೆಯೂ ಇಲ್ಲದ ಒಂಟಿ ದೀಪ.’

‘ಪೆಟಗಿ ಲಾರಿ ಮ್ಯಾಲಿಂದ ಬಿದ್ದಿತ್ರೀ.
ಒಂದ ರೀಡು ಮುರದಿತ್ತು, ನಿಷಾದಂದು.
ಪಟ್ಟಿ ಬದಲ ಮಾಡಬಹುದಿತ್ತು.
ಆಕಿಗೆ ಜ್ವರ, ಒಂದ ಮನಿ ಮ್ಯಾಲೆ ಏರಸಿದ್ರ ದನಿ ಒಡೀತಿತ್ತು.
ಅದಕ್ಕ ಆ ಜಾಗ ಬಂದಾಗೆಲ್ಲ
ಗಾಳಿ ಹಿಡದು ಸುಮ್ನ ಕುಂತೆ. ಆಕಿ ಒಬ್ಬಾಕೀನ ಹಾಡಿದ್ಳು.’

ಅಂದರೆ ಆ ದೀಪಕ್ಕೆ
ಗಾಳಿ ತಾಗದಂತೆ ಅಂಗೈ ಅಡ್ಡ ಹಿಡಿದವನನ್ನೇ
ನಾನು ಅಂಜುಬುರುಕ ಎಂದಿದ್ದೆ.
ಐದನೇ ಸಾಲಿನಲ್ಲಿ ಕೂತಿದ್ದೆ, ಪುಕ್ಕಟೆ ಪಾಸಿನಲ್ಲಿ.
ನಿಂತುಹೋದ ಸದ್ದನ್ನು ಕೇಳಿಸಿಕೊಳ್ಳುವುದು
ನನಗೆ ಯಾರೂ ಕಲಿಸಿರಲಿಲ್ಲ.
ನಾನೂ ಕಲಿತಿರಲಿಲ್ಲ.

ತಪ್ಪಾಯ್ತು ಅನ್ನಲು ಬಾಯಿ ತೆರೆದೆ.
ಆತ ಕೈ ಅಲ್ಲಾಡಿಸಿದ, ಅಂಟು ಮೆತ್ತಿದ ಬೆರಳು.
‘ಅದೆಲ್ಲಾ ಇರಲ್ರೀ ಬಾಯಾರ.
ನನ್ನ ಹೆಸರು ಬಂದಗೀಸಾಬ.
ನೀವು ಬಂದೇಸಾಬ ಅಂತ ಹಾಕಿದ್ರಿ.
ಪೇಪರ ನೋಡಿ ನಮ್ಮವ್ವ ಅಂದ್ಳು,
ಇಂವ ಬ್ಯಾರೆ ಯಾಂವೋ ಇರಬೇಕು ಬಿಡು.’

ಆ ಪತ್ರಿಕೆ ಮುಚ್ಚಿ ಆರು ವರ್ಷ.
ತಿದ್ದುಪಡಿಗೆ ಎಲ್ಲಿಯೂ ಗೇಣಿಲ್ಲ.
ರಿಪೇರಿಯ ರಸೀದಿ ತಿರುವಿ
ಹಳೆಯ ರೂಢಿಯಂತೆ ಅದರ ಬೆನ್ನಿಗೆ ಬರೆದುಕೊಂಡೆ:
ಬಂ, ದ, ಗೀ.
ದೀರ್ಘ ಸರಿಯಾಗಿದೆಯೇ ಎಂದು ತೋರಿಸಿದೆ.
ಕನ್ನಡಕ ಹುಡುಕಿ ಹಾಕಿಕೊಂಡು
ಬಹಳ ಹೊತ್ತು ಓದಿದ.