ಮೂರನೆಯ ಥ್ಯಾಂಕ್‌ಫುಲ್

ವರ್ನಾ ಅತ್ತೆಗೆ ಒಂದು ಹಡಗು ಬೇಕಿತ್ತು.
ಎಂಬತ್ತೊಂದು ವರ್ಷ, ಎರಡೂ ಮಂಡಿಗೆ ಹೊಸ ಕೀಲು,
ಆದರೂ ಹಟ: ಮೊದಮೊದಲ ಹಡಗಿನಿಂದ
ಇಳಿದವನೊಬ್ಬ ನಮ್ಮವನಿರಲೇಬೇಕು,
ಕಪ್ತಾನನಾದರೆ ಒಳ್ಳೆಯದು,
ಬಡಗಿಯಾದರೂ ಸರಿ.
ಸಂಘದವರ ಅರ್ಜಿಯಲ್ಲಿ ಅದಕ್ಕೊಂದು ಖಾನೆಯೇ ಇತ್ತು.

ಹೀಗೆ ಕನೆಕ್ಟಿಕಟ್‌ನ ಊರೂರು ಅಲೆದೆವು,
ಪುರಸಭೆಯ ನೆಲಮಾಳಿಗೆ, ಚರ್ಚಿನ ಕಪಾಟು.
ಸ್ಟಿಯರಿಂಗ್ ನನ್ನ ಕೈಯಲ್ಲಿ,
ಅವಳ ಮಡಿಲಲ್ಲಿ ಬಿಸ್ಕತ್ತಿನ ಡಬ್ಬಿ,
ಅದರೊಳಗೆ ಇಡೀ ವಂಶ, ರಬ್ಬರ್ ಬ್ಯಾಂಡ್ ಸುತ್ತಿಕೊಂಡು.

ಹಿಂದಕ್ಕೆ ನಡೆಯುವುದು ಮೊದಲಿಗೆ ಸಲೀಸು.
ಅವಳ ಅಜ್ಜ ರೂಫಸ್ ಪೆಲ್ಲಮ್: ಗಡಿಯಾರದ ಕಾರ್ಖಾನೆ, ಬಲಗೈಗೆ ಮೂರೇ ಬೆರಳು.
ಅವನಪ್ಪ ಏಸಾ: ಯುದ್ಧಕ್ಕೆ ಹೋಗಿ
ಪದಕದ ಬದಲು ಭೇದಿ ಹೊತ್ತು ತಂದವನು.
ಅವನಪ್ಪ ಲೆವೈ: ಟೊಪ್ಪಿಗೆ ಮಾಡಿ ಮಾಡಿ
ಪಾದರಸ ತಲೆಗೇರಿದವನು.
ಆಮೇಲೆ ಶಾಯಿ ತೆಳ್ಳಗಾಗುತ್ತದೆ.
ಯಾರ ಕುರಿಯ ಎಡಗಿವಿಗೆ ಎಂಥ ಕಚ್ಚು
ಎಂಬುದಕ್ಕೆ ಚಿತ್ರಸಮೇತ ದಾಖಲೆ;
ಹೆತ್ತವಳು ಮಾತ್ರ ‘ಅವನ ಹೆಂಡತಿ’,
ಮುಂದಿನ ಪುಟದಲ್ಲಿ ‘ಅವನ ವಿಧವೆ’.

ಹಳೆಯ ಚರ್ಚಿನ ಪುಸ್ತಕದಲ್ಲಿ ಸಿಕ್ಕಳು, ಮೂರು ಸಲ.
ಥ್ಯಾಂಕ್‌ಫುಲ್ ಪೆಲ್ಲಮ್, ಏಳು ತಿಂಗಳಿಗೆ ಗಂಟಲು ಕಟ್ಟಿ ಸತ್ತವಳು.
ಥ್ಯಾಂಕ್‌ಫುಲ್ ಪೆಲ್ಲಮ್, ಒಂಬತ್ತು ದಿನ.
ಥ್ಯಾಂಕ್‌ಫುಲ್ ಪೆಲ್ಲಮ್, ಮುಂದೆ ಏನೂ ಬರೆದಿಲ್ಲ.
ಸತ್ತ ಕೂಸಿನ ಹೆಸರನ್ನು ಒಗೆದು ಒಣಗಿಸಿ
ಹಿಂದೆ ಹುಟ್ಟಿದ್ದಕ್ಕೆ ತೊಡಿಸುವ ಕಾಲ ಅದು.
ಕೃತಜ್ಞಳಾಗಿರು ಎಂದೇ ಇಟ್ಟ ಹೆಸರು.
ಯಾವುದಕ್ಕೆ ಎಂದು ಹೇಳಿದವರಿಲ್ಲ.

ತೊಟ್ಟಿಲಲ್ಲಿ ಹೆಸರಿಟ್ಟ ಊರೇ
ಹತ್ತೊಂಬತ್ತಕ್ಕೆ ಹೊಟ್ಟೆ ಕಂಡಾಗ
ಇನ್ನೊಂದು ಬಗೆಯಲ್ಲಿ ಹೆಸರಿಟ್ಟಿರಬೇಕು.
ಇಲ್ಲವಾದರೆ ಮೂವತ್ತು ಮೈಲಿ ಆಚೆ,
ಗುರುತಿಲ್ಲದ ಊರಿನ ಕಡತದಲ್ಲಿ ಯಾಕಿದ್ದಳು?

ಕಡತ ತಂದುಕೊಟ್ಟ ಹುಡುಗ ಡೊಬ್ರೊವ್ಸ್ಕಿ
ಮೊಟ್ಟೆಯ ಸ್ಯಾಂಡ್‌ವಿಚ್ ಬದಿಗಿಟ್ಟು, ಕೈ ಒರೆಸಿ,
ಆ ಬರಹವನ್ನು ತಾನೇ ಓದಿದ:
‘ಫೆಬ್ರವರಿ ಹನ್ನೊಂದು, ೧೭೭೨.
ಥ್ಯಾಂಕ್‌ಫುಲ್ ಪೆಲ್ಲಮ್ ಎಂಬ ಪರಸ್ಥಳದ ಹೆಂಗಸು,
ಮೊಲೆಯುಣ್ಣುವ ಗಂಡುಕೂಸಿನ ಸಮೇತ,
ಈ ಊರಿಗೆ ಹೊರೆಯಾಗದಂತೆ
ಗಡಿ ಬಿಟ್ಟು ಹೋಗತಕ್ಕದ್ದು.
ಎಚ್ಚರಿಕೆ ಮುಟ್ಟಿಸಿದ ಕಾನ್‌ಸ್ಟೇಬಲನಿಗೆ ಎರಡು ಶಿಲ್ಲಿಂಗ್.’

ಆ ಕೂಸು ಲೆವೈಯ ಅಪ್ಪ.
ಗಂಡಸರ ಹೆಸರೆಂದು ಬಾಗಿಲಿಗೆ, ಗೋರಿಗೆ,
ಒಂದು ಸಣ್ಣ ಬೀದಿಗೂ ಹಾಕಿಸಿಕೊಂಡ ಪೆಲ್ಲಮ್
ಅವಳೊಬ್ಬಳ ಸೆರಗಿನ ಗಂಟಿನಿಂದ ಬಂದದ್ದು.

ಅತ್ತೆ ಕನ್ನಡಕ ತೆಗೆದು ಒರೆಸಿದಳು.
ನಾನು ಅಳುವನ್ನೋ ಸಿಟ್ಟನ್ನೋ ಕಾದೆ.
‘ಫೆಬ್ರವರಿಯಲ್ಲೇ?’ ಎಂದಳು.
ಸ್ವಲ್ಪ ಹೊತ್ತು ಬಿಟ್ಟು, ‘ಕಾಲಿಗೆ ಏನು ಹಾಕಿದ್ದಳೋ.’
ಡೊಬ್ರೊವ್ಸ್ಕಿಗೆ ಆ ವಿಷಯದ ದಾಖಲೆ ಇರಲಿಲ್ಲ.
ತಪ್ಪು ತನ್ನದೇ ಎಂಬಂತೆ ತಲೆ ತಗ್ಗಿಸಿದ.

ಅರ್ಜಿಯನ್ನು ಅಲ್ಲೇ, ಅವನ ಪೆನ್ನಿನಲ್ಲೇ ತುಂಬಿದಳು.
ಹಡಗಿನ ಹೆಸರು ಎಂಬ ಖಾನೆಯಲ್ಲಿ
ದಪ್ಪಕ್ಷರದಲ್ಲಿ: ನಡೆದು ಬಂದಳು.
ಸಂಘದವರು ಇವತ್ತಿಗೂ ಉತ್ತರ ಬರೆದಿಲ್ಲ.

ವಾಪಸು ಬರುವಾಗ ಊರಿನ ಗಡಿಯಲ್ಲಿ ನಿಲ್ಲಿಸು ಎಂದಳು.
ಈಗ ಅಲ್ಲಿ ಟೈರ್ ಅಂಗಡಿ, ಅರ್ಧ ಕರಗಿ ಕಪ್ಪಾದ ಹಿಮ.
ಮಂಡಿಯ ನೆಪ ಹೇಳಿ ಇಳಿಯಲಿಲ್ಲ,
ಕಿಟಕಿಯ ಗಾಜು ಪೂರ್ತಿ ಇಳಿಸಿ ಕೂತಳು.
ಹೀಟರಿನ ಬಿಸಿಯೆಲ್ಲ ಹೊರಗೆ ಹೋಯಿತು.
ಅಂಗಡಿಯವನು ಓಡಿ ಬಂದು ಕೇಳಿದ,
ಏನಮ್ಮಾ, ಗಾಳಿ ಹಾಕಬೇಕಾ?