ನೀರಿಗೆ ಗುರತಿಲ್ಲ

ಬ್ಯಾಡಗಿ ಮಾರ್ಕೆಟ್ಟಿನ ಗೇಟಿನ ಎದುರು
ಎಂಟು ಮೊಳದ ಔಷಧಿ ಅಂಗಡಿ.
ಮಾಲಕರು ರಾಣೇಬೆನ್ನೂರಿನವರು,
ನಾನು ಬರೇ ಚೀಟಿ ಓದಾಂವ.
ಸೋಮವಾರ, ಗುರುವಾರ ಸಂಜೀಕ
ಕಪಾಟಿನ ಗಾಜು ಸೈತ ಸೀನತೈತಿ.

ನಿಮ್ಮ ಕಾಯಿ ಬಣ್ಣಕ್ಕ ಹೆಸರು, ಖಾರಕ್ಕಲ್ಲ
ಅಂತಾರ ಹೊರಗಿನವರು.
ಜನವರಿಯಾಗ ಬಂದು
ಒಂದ ಒಂದು ಉಸಿರು ತಗೊಂಡು ನೋಡಲಿ.

ಆರೂವರೀಗೆ ಬಂದಳು ಫಕ್ಕೀರವ್ವ,
ಮುಂಜಾನಿಂದ ತುಂಬು ಬಿಡಿಸಿ.
ಮೂಗಿಗೆ ಸುತ್ತಿದ ಅರಿವಿ ಬಿಚ್ಚಿದರ
ಮುಖದಾಗ ಎರಡು ಊರು:
ಅರಿವಿ ಮುಚ್ಚಿದ್ದೊಂದು, ಮುಚ್ಚದ್ದೊಂದು,
ನಡುವ ಬೆವರಿನ ಗಡಿ.

ಚೀಟಿ ಕೊಟ್ಟಳು. ಮಗಳ ಅಕ್ಷರ:
ಫೇಸ್ ವಾಶ್, ಬೇವಿಂದು, ಸಣ್ಣ ಟ್ಯೂಬು.
ಅದರ ಕೆಳಗ ಎರಡು ಗೆರಿ ಎಳದು
ಸಬಕಾರ ಬ್ಯಾಡ.

"ತಮ್ಮಾ, ಖರೇ ಹೇಳು.
ಇದಿಲ್ಲದ ಮುಖಾ ತೊಳಿಯಾಕ ಬರೂದಿಲ್ಲೇನು?"

ಹುಬ್ಬಳ್ಳಿ ಕಂಪನಿ ಹುಡುಗ, ಬಿಸಲಾಗ ಟೈ ಕಟ್ಟಿದಾಂವ,
ನನಗ ಕಲಿಸಿದ್ದನ್ನ ಒಪ್ಪಿಸಿದೆ.
ಚರ್ಮದ ತೂತು, ಜಿಡ್ಡು, ಧೂಳು, ದಿನಕ್ಕೆರಡು ಸಲ…
ಅರ್ಧಕ್ಕ ನನ್ನ ದನಿ ನನಗ ರೇಡಿಯೋದಂಗ ಕೇಳಿತು.
ಅದಕ್ಕ ಇನ್ನೊಂದನ್ನೂ ಹೇಳಿದೆ:
ಮುಂಜಾನೆ ಬರೇ ನೀರಾದರೂ ನಡೀತೈತಿ,
ತಿಕ್ಕಿದಷ್ಟೂ ಚರ್ಮ ಬಿರಿತೈತಿ.
ಮಾಲಕರು ಇದ್ದಿದ್ದರ ಹೇಳತಿದ್ದಿಲ್ಲ.

ಅಕಿ ನಕ್ಕಳು. ನಕ್ಕರ ಅಕಿಗೆ ಕೆಮ್ಮು.

"ನೀರು? ಖಾರದ ಮುಖಕ್ಕ ನೀರು ಉಗ್ಗಿದರ
ಒಂದ ಮನ್ಯಾಗ ಇದ್ದ ಬೆಂಕಿ ಓಣಿಗೆಲ್ಲಾ ಹಬ್ಬತೈತಿ.
ನೀರಿಗೆ ಖಾರದ ಗುರತಿಲ್ಲೋ.
ಮೊದಲ ಎಣ್ಣಿ, ಕುಸುಬಿದು, ಎರಡು ಹನಿ.
ಅಂಗೈಲೆ ಅಲ್ಲ, ಅಂಗೈ ಅಂದರ ಅದೂ ಒಂದು ಮೆಣಸಿನಕಾಯಿ.
ಮುಂಗೈಲೆ, ಹಿಂಗ,
ಕೂಸಿನ ಬೆನ್ನು ಸವರಿದಂಗ.
ಒರಸು. ಆಮ್ಯಾಲ ಕಡ್ಲಿಹಿಟ್ಟು, ಮಜ್ಜಿಗಿ.
ನೀರು ಬರೂದು ಕಡೀಕ,
ಸಿಟ್ಟಾದ ಬೀಗರಂಗ, ಎಲ್ಲಾ ಮುಗದ ಮ್ಯಾಲ."

ಗದಗದಾಗ ಎರಡು ವರ್ಷ ಡಿಪ್ಲೊಮಾ ಓದೀನಿ.
ಈ ಪಾಠದ ದಿನ ನಾನು ಗೈರುಹಾಜರಿದ್ದೆ ಕಾಣತೈತಿ.

"ಹಂಗಾರ ಇದು ಯಾಕ ಬೇಕವ್ವ?"

"ನನಗಲ್ಲ, ನಮ್ಮ ರಕ್ಷಿತಾಗ.
ಹಾವೇರಿ ಕಾಲೇಜಿನ ಬಸ್ಸಿನಾಗ
ಬಾಜೂಕ ಕುಂತಾಕಿ ಸೀನಿದಳಂತ,
ಮತ್ತ ಸೀನಿ ಎದ್ದು ಬ್ಯಾರೆ ಸೀಟಿಗೆ ಹೋದಳಂತ.
ಕಾಯಿ ಒಂದೂ ಮುಟ್ಟಿಲ್ಲ ನನ್ನ ಮಗಳು.
ರಾತ್ರಿ ನನ್ನ ಬಾಜೂಕ ಮಲಗತಾಳ, ಅಷ್ಟ."

ಟ್ಯೂಬು ತಿರುವಿ ಸಣ್ಣಕ್ಷರ ಓದಿದೆ.
ಮೊಡವಿ ಹೋಗತೈತಿ, ಜಿಡ್ಡು ಹೋಗತೈತಿ.
ಬಸ್ಸಿನ ಸೀಟಿನ ಬಗ್ಗೆ ಏನೂ ಬರದಿದ್ದಿಲ್ಲ.

ನಮ್ಮ ಕಾಯಿ ಹಿಂಡಿ ತಗದ ಬಣ್ಣ
ತುಟಿರಂಗಿಗೂ ಹಾಕತಾರಂತ, ಕೇಳೀನಿ.
ಮ್ಯಾಲಿನ ಕಪಾಟಿನಾಗ ಐತಿ ಅದು,
ಎರಡುನೂರಾ ನಲವತ್ತು,
ಯಾರಿಗೂ ಸೀನು ಬರೂದಿಲ್ಲ.

ಬೇಕು ಅನಲಿಲ್ಲ, ಬ್ಯಾಡ ಅನಲಿಲ್ಲ. ಎಂಬತ್ತೈದು ಅಂದೆ.
ಸೆರಗಿನ ಗಂಟು ಬಿಚ್ಚಿ ಎಣಿಸಿ ಇಟ್ಟಳು,
ಮೆತ್ತಗಾದ ಎಂಟು ಹತ್ತರ ನೋಟು,
ಬೆಚ್ಚಗಿದ್ದ ಒಂದು ನಾಣ್ಯ.

ರಾತ್ರಿ ಗಲ್ಲಾ ಎಣಿಸಿ
ಮರತು ಗಲ್ಲ ಮುಟ್ಟಿಕೊಂಡೆ.
ಹತ್ತಿತು.
ನಳಕ್ಕ ಓಡಿದೆ, ನೀರು ಉಗ್ಗಿದೆ, ಓಣಿಗೆಲ್ಲಾ ಹಬ್ಬಿತು.
ಕಂಪನಿ ಹುಡುಗ ಪುಕ್ಕಟೆ ಕೊಟ್ಟ ಟ್ಯೂಬು ಒತ್ತಿದೆ,
ಬುರುಗು ಬಂತು, ಬೇವಿನ ವಾಸನಿ ಬಂತು.
ಕನ್ನಡ್ಯಾಗ ಬಾಳ ಸ್ವಚ್ಛ ಇತ್ತು
ಉರಿಯೂ ಮುಖ.

ಶಟರ್ ಅರ್ಧ ಎಳದು
ಕೂಸಿನ ಎಣ್ಣಿ ಬಾಟಲಿ ಒಂದು ಒಡದೆ.
ಎರಡು ಹನಿ. ಮುಂಗೈಲೆ.
ಲೆಕ್ಕದ ಬುಕ್ಕಿನಾಗ ನನ್ನ ಹೆಸರಿಗೆ ಬರದು
ಕಾರಣದ ಖಾನಿ
ಹಂಗ ಖಾಲಿ ಬಿಟ್ಟೆ.