ಚೆಕ್ಕಿಂಗ್ ಟೇಬಲ್ಲು

ಪೀಣ್ಯ ಎರಡನೇ ಹಂತ, ತಗಡಿನ ಸೂರಿನ ಕೆಳಗೆ
ನನ್ನ ಕೆಲಸದ ಹೆಸರೇ ಚೆಕ್ಕಿಂಗು.
ಗಂಟೆಗೆ ಎಪ್ಪತ್ತು ಅಂಗಿ.
ಕಾಲರು, ಕಫು, ಕಾಜ, ಗುಂಡಿ,
ಎಡವಟ್ಟು ಕಂಡಲ್ಲಿ ಕೆಂಪು ಬಾಣದ ಚೀಟಿ ಅಂಟಿಸಿ
ಹಿಂದಕ್ಕೆ ತಳ್ಳುವುದು.

ಈ ವಾರ ಚೆಕ್ಸಿನ ಲಾಟು.
ನಮ್ಮಜ್ಜಿ ಇದನ್ನು ಚೌಕುಳಿ ಅನ್ನುತ್ತಿದ್ದಳು.
ಅವಳ ಸೀರೆಯ ಚೌಕುಳಿಯ ಮೇಲೆ
ಬೆರಳಿನಲ್ಲೇ ಕುಂಟೆಬಿಲ್ಲೆ ಆಡಿದವಳು ನಾನು.
ಇಲ್ಲಿ ಆಟವಿಲ್ಲ. ಜೇಬಿನ ಗೆರೆ ಎದೆಯ ಗೆರೆಗೆ
ಕೂಡಲೇಬೇಕು. ಒಂದೆಳೆ ಆಚೀಚೆ ಆದರೂ
ಅಂಗಿ ಹಡಗು ಹತ್ತುವುದಿಲ್ಲ.

"ಚೆಕ್ಸನ್ನ ಚೆಕ್ ಮಾಡೋದು ಅಂತೀವಲ್ಲ,
ಎರಡೂ ಒಂದೇ ಮಾತಾ?"
ಊಟದ ಹೊತ್ತಲ್ಲಿ ಸುಮ್ಮನೆ ಕೇಳಿದೆ.
ನಸ್ರೀನ್ ತಾಜ್ ಉಪ್ಪಿನಕಾಯಿ ಚೀಪುತ್ತ
ಅಬ್ಬಾನ ಕತೆ ತೆಗೆದಳು.
ಶಿವಾಜಿನಗರದಲ್ಲಿ ಗಡಿಯಾರ ರಿಪೇರಿ,
ಸಂಜೆಯಾದರೆ ಅಂಗಡಿ ಮುಂದೆ ಚದುರಂಗ.
ಎದುರಾಳಿಯ ರಾಜನ ಮೇಲೆ ಆನೆ ನುಗ್ಗಿಸಿ
ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದನಂತೆ: ಶಾಹ್!
"ಅದೇ ನಿನ್ನ ಚೆಕ್ಕು ಕಣೇ" ಅಂದಳು.

ನಂಬಲಿಲ್ಲ. ಭಾನುವಾರ ಅವೆನ್ಯೂ ರಸ್ತೆಯಲ್ಲಿ
ಬೆನ್ನು ಹರಿದ ಡಿಕ್ಷನರಿ,
ನೂರಿಪ್ಪತ್ತು ಅಂದ, ಎಂಬತ್ತಕ್ಕೆ ತಂದೆ.
ಮಗಳು ಬೆರಳಿಟ್ಟು ಓದಿ ಓದಿ ಹೇಳಿದಳು.
ಇತ್ತು.
ಪಾರಸಿಯಿಂದ ಹೊರಟ ರಾಜ
ಅರಬರ ಬಾಯಲ್ಲಿ ಕೂತು, ಫ್ರಾನ್ಸಿನಲ್ಲಿ ಮೂತಿ ತಿರುಚಿಕೊಂಡು
ಇಂಗ್ಲಿಷಿಗೆ ಬರುವಷ್ಟರಲ್ಲಿ ಕಿರೀಟ ಎಲ್ಲೋ ಬಿದ್ದುಹೋಗಿತ್ತು.
ರಾಜ ಅಂದದ್ದು ರಾಜನಿಗೆ ಕುತ್ತು ಅಂತಾಯಿತು,
ಕುತ್ತು ಅಂದರೆ ತಡೆ,
ತಡೆ ಅಂದರೆ, ನಿಲ್ಲಿಸಿ ನೋಡು.
ಅವನು ನಿಂತ ಹಾಸಿನ ಮನೆಗಳೆಲ್ಲ ಬಟ್ಟೆಗೆ ಇಳಿದವು.
ಬ್ಯಾಂಕಿನ ಚೆಕ್ಕೂ ಅದೇ ಬಳ್ಳಿಯ ಕಾಯಂತೆ.

ಬ್ಯಾಂಕಿನದು ನನಗೆ ಗೊತ್ತು.
ಯಶವಂತಪುರದ ಹಳೇ ಫ್ಯಾಕ್ಟರಿ
ರಾತ್ರೋರಾತ್ರಿ ಬೀಗ ಜಡಿದಾಗ ಕೊಟ್ಟದ್ದು
ಮೂರು ಸಲ ವಾಪಸು ಬಂತು.
ಹೊಂಬಾಳಮ್ಮ ಅವಳದನ್ನು ಇನ್ನೂ
ದೇವರ ಪಟದ ಹಿಂದೆ ಸಿಕ್ಕಿಸಿದ್ದಾಳೆ.

ಸೋಮವಾರ ಹೇಳಿದೆ, ನಿಮ್ಮಬ್ಬಾ ಸರಿ ಅಂತ.
ನಸ್ರೀನ್ ತಲೆ ಎತ್ತಲಿಲ್ಲ, ಟಾರ್ಗೆಟ್ಟು ಹಿಂದಿತ್ತು.
"ಶಾಹ್ ಮಾತ್ ಹಾಕಿದಾರಾ? ಮಾತ್ ಅಂದ್ರೆ ಸೋಲು."
ನನಗೆ ಕೇಳಿದ್ದು ಬರೀ ಮಾತು.
ಇರಬಹುದು. ನಮ್ಮ ಲೈನಿನಲ್ಲಂತೂ
ಮಾತಾಡಿದವಳು ಸೋತಳು,
ಸೂಪರ್‌ವೈಸರು ಆಗಲೇ ಈ ಕಡೆ ಬರುತ್ತಿದ್ದ.

ಸಂಜೆ ಗೇಟಿನಲ್ಲಿ ಸಾಲು.
ಸೆಕ್ಯುರಿಟಿ ಸಾವಂತ್ರಮ್ಮ ಬ್ಯಾಗು ಬಿಚ್ಚಿಸಿ, ಡಬ್ಬಿ ತೆಗೆಸಿ,
ಸೀರೆಯ ನೆರಿಗೆ ತಡವಿ,
"ಚೆಕ್ಕಿಂಗ್ ಕಣಮ್ಮ, ಬೇಜಾರಾಗ್ಬೇಡ" ಅಂದಳು.
ಕೈ ಎತ್ತಿ ನಿಂತವಳಿಗೆ ನಗು ಬಂತು.
ಯಾಕೆ ನಗ್ತೀಯ?
ಶಾಹ್, ಅಂದೆ.
ಅವಳು ಒಂದು ಗಳಿಗೆ ನನ್ನ ಮುಖ ನೋಡಿ
ಖಾಲಿ ಡಬ್ಬಿಯ ಮುಚ್ಚಳವನ್ನು
ಇನ್ನೊಂದು ಸಲ ತೆಗೆದು ನೋಡಿದಳು.